ಎರಡು ಸಿಂಗಾನಲ್ಲೂರುಗಳ ನಡುವೆ

ಕೊಯಮತ್ತೂರು ನಗರದ ಪೂರ್ವಕ್ಕೆ, ತಿರುಚಿನಾಪಳ್ಳಿಯ ಹೆದ್ದಾರಿಯ ಮೇಲೆ ಸಿಂಗಾನಲ್ಲೂರು ಎಂಬ ಬಡಾವಣೆಯಿದೆ. ನೊಯ್ಯಲ್ ನದಿಯ ನೀರನ್ನು ನೆಚ್ಚಿದ ದೊಡ್ಡ ಕೆರೆಯೊಂದು, ಮಧುರೆ ತಿರುಚಿಗಳ ಕಡೆಗೆ ಬಸ್ಸುಗಳು ಹೊರಡುವ ನಿಲ್ದಾಣವೊಂದು, ಸದಾ ಗಿಜಿಗುಟ್ಟುವ ಅಂಗಡಿಬೀದಿ, ಇಷ್ಟು ಅದರ ಹೊರನೋಟ. ಆದರೆ ಕನ್ನಡ ಬಲ್ಲ ಪ್ರಯಾಣಿಕನ ಕಿವಿಗೆ ಆ ಹೆಸರು ಬಿದ್ದೊಡನೆ ಬೇರೊಂದು ನೆನಪು ಎದ್ದು ನಿಲ್ಲುತ್ತದೆ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ, ಅಂದರೆ ಡಾ. ರಾಜ್‌ಕುಮಾರ್ ಅವರ ವಂಶದ ಊರು ಇದೇ ಇರಬಹುದೆ ಎಂಬ ಪ್ರಶ್ನೆ ಸಹಜ. ಅಲ್ಲ, ಇದು ಆ ಊರಲ್ಲ. ಆ ಸಿಂಗಾನಲ್ಲೂರು ಇಲ್ಲಿಂದ ಬಹುದೂರ ಉತ್ತರಕ್ಕೆ, ಬೆಟ್ಟದ ಸಾಲುಗಳನ್ನು ದಾಟಿದ ಮೇಲೆ ಸಿಗುವ ಕೊಳ್ಳೇಗಾಲದ ಸೀಮೆಯಲ್ಲಿದೆ. ಆದರೂ ಈ ಎರಡು ಊರುಗಳನ್ನು ಒಂದೇ ಲೇಖನದಲ್ಲಿ ಕಟ್ಟಿಹಾಕಲು ನಮಗೊಂದು ಕಾರಣವಿದೆ. ಒಂದಾನೊಂದು ಕಾಲದಲ್ಲಿ ಇವೆರಡೂ ಒಂದೇ ಜಿಲ್ಲೆಯ ಊರುಗಳಾಗಿದ್ದವು. ಆ ಜಿಲ್ಲೆಯ ಹೆಸರು ಕೊಯಮತ್ತೂರು.

ಇಂದಿನ ಮಕ್ಕಳಿಗೆ ಇದು ನಂಬಲು ಕಷ್ಟವಾದೀತು. 1799ರಲ್ಲಿ ಟಿಪ್ಪುವಿನ ಪತನದ ತರುವಾಯ ಮೈಸೂರಿನ ಅಧೀನದಲ್ಲಿದ್ದ ಕೊಂಗುನಾಡು ಇಂಗ್ಲಿಷರ ವಶವಾಯಿತು. ಆಗ ರೂಪುಗೊಂಡ ಆಡಳಿತದಲ್ಲಿ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯ ಭಾಗವಾಗಿ ಮದರಾಸು ಪ್ರಾಂತಕ್ಕೆ ಸೇರಿತ್ತು. ಸತ್ಯಮಂಗಲ, ತಾಳವಾಡಿ, ಗೋಬಿಚೆಟ್ಟಿಪಾಳ್ಯ, ಈರೋಡು, ತಿರುಪ್ಪೂರು ಎಲ್ಲವೂ ಅದೇ ಜಿಲ್ಲೆಯೊಳಗಿದ್ದವು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳು ಬಂದಾಗ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿಯ ಕನ್ನಡ ಸೀಮೆ ಮದರಾಸಿನಲ್ಲಿಯೇ ಉಳಿಯಿತು. 1979ರಲ್ಲಿ ಈರೋಡು ಸೀಮೆ ಪೆರಿಯಾರ್ ಜಿಲ್ಲೆಯೆಂಬ ಹೆಸರಿನಿಂದ ಬೇರೆಯಾಯಿತು. 2009ರಲ್ಲಿ ತಿರುಪ್ಪೂರು ತಾನೇ ಒಂದು ಜಿಲ್ಲೆಯಾಯಿತು. ಹೀಗೆ ಒಂದು ದೊಡ್ಡ ಮನೆಯ ಪಾಲುಪಟ್ಟಿ ನಡೆಯುತ್ತಾ ಬಂದು, ಹಿರಿಯನ ಕೋಣೆಯೊಂದೇ ಹಳೆಯ ಹೆಸರನ್ನು ಉಳಿಸಿಕೊಂಡಂತೆ ಇಂದಿನ ಕೊಯಮತ್ತೂರು ಜಿಲ್ಲೆ ಉಳಿದಿದೆ.

ಈ ಪಾಲುಪಟ್ಟಿಯ ನಡುವೆ ನಮ್ಮವರೂ ಇದ್ದಾರೆ. ಮಗ್ಗದ ಮುಂದೆ ಕುಳಿತ ದೇವಾಂಗರು, ಹೊಲದಲ್ಲಿ ದುಡಿಯುವ ಒಕ್ಕಲಿಗರು ಮತ್ತು ಅನುಪ್ಪರು, ಇನ್ನೂ ಹಲವು ಕುಲದವರು ತಲೆತಲಾಂತರದಿಂದ ಈ ಎರಡು ಜಿಲ್ಲೆಗಳಲ್ಲಿ ಮನೆಮಾತಾಗಿ ಕನ್ನಡವನ್ನು ಇಟ್ಟುಕೊಂಡಿದ್ದಾರೆ. ಕೊಯಮತ್ತೂರಿನ ರಾಜಬೀದಿಯ ಚೌಡೇಶ್ವರಿ ಅಮ್ಮನವರ ಗುಡಿಯ ಮುಂದೆ ವಿಜಯದಶಮಿಯ ದಿನ ಅಲಗುಸೇವೆ ನಡೆಯುವಾಗ ಬಂದು ನೋಡಿದವರಿಗೆ ಈ ಮಾತು ಚೆನ್ನಾಗಿ ತಿಳಿದಿದೆ. ಮನೆಯೊಳಗೆ ಕನ್ನಡ, ಬರವಣಿಗೆಯಲ್ಲಿ ತಮಿಳು, ಇದೇ ಬಹುಪಾಲು ಕುಟುಂಬಗಳ ಸ್ಥಿತಿ. ತಂದೆಯ ಮಾತು ಕಿವಿಯಲ್ಲಿದೆ, ತಂದೆಯ ಅಕ್ಷರ ಕೈಯಲ್ಲಿಲ್ಲ. ಇಂಥವರಿಗೆ ಒಬ್ಬ ಹಳ್ಳಿಯ ಹಾಡುಗಾರನೂ ಅವನ ತಂದೆಯೂ ಹೇಗೆ ಒಬ್ಬರನ್ನೊಬ್ಬರು ಕಳೆದುಕೊಂಡು ಪುನಃ ಪಡೆದರೆಂಬ ಕಥೆ ಕೇವಲ ಸಿನಿಮಾದ ಸುದ್ದಿಯಾಗಿ ಕಾಣಲಾರದು.

ಸಿಂಗಾನಲ್ಲೂರಿನಿಂದ ನಾವು ಹಿಡಿದ ದಾರಿ ಅವಿನಾಶಿಯದು. ಕೊಯಮತ್ತೂರಿನಿಂದ ಸುಮಾರು 40 ಕಿಲೋಮೀಟರು ದೂರದಲ್ಲಿ, ತಿರುಪ್ಪೂರು ಜಿಲ್ಲೆಯ ಎಲ್ಲೆಯೊಳಗೆ, ಅವಿನಾಶಿಲಿಂಗೇಶ್ವರನ ಪ್ರಾಚೀನ ದೇವಾಲಯವಿದೆ. ಹೆದ್ದಾರಿಯ ಸದ್ದು, ಬನಿಯನ್ ಕಾರ್ಖಾನೆಗಳಿಗೆ ಸಾಗುವ ಲಾರಿಗಳ ಸಾಲು ಇವುಗಳ ನಡುವಿನಿಂದ ಒಳಗೆ ಕಾಲಿಟ್ಟರೆ ಕಲ್ಲಿನ ತಂಪು ಮೈಯನ್ನು ಆವರಿಸುತ್ತದೆ. ಇಲ್ಲಿಯ ಸ್ಥಳಪುರಾಣವು ಹಾಡಿನ ಪುರಾಣ. ಜೊತೆಗಾರರಾದ ಇಬ್ಬರು ಬಾಲಕರು ಕೆರೆಗೆ ಸ್ನಾನಕ್ಕೆ ಹೋದಾಗ ಒಬ್ಬನನ್ನು ಮೊಸಳೆ ನುಂಗಿತು. ಮೂರು ವರ್ಷಗಳ ಮೇಲೆ ಸುಂದರಮೂರ್ತಿ ನಾಯನಾರರು ಆ ಬೀದಿಯಲ್ಲಿ ಬಂದರು. ಒಂದು ಮನೆಯಲ್ಲಿ ಉಪನಯನದ ಮಂಗಳವಾದ್ಯ, ಎದುರು ಮನೆಯಲ್ಲಿ ಅಳುವಿನ ದನಿ. ಬದುಕಿದ್ದರೆ ತಮ್ಮ ಮಗನಿಗೂ ಇಂದು ಉಪನಯನದ ವಯಸ್ಸಾಗುತ್ತಿತ್ತೆಂದು ಆ ತಂದೆತಾಯಿಗಳು ಮರುಗುತ್ತಿದ್ದರು. ಶಿವಭಕ್ತರು ಬಂದರೆಂದು ತಿಳಿದೊಡನೆ ಕಣ್ಣೀರನ್ನು ಮರೆಮಾಡಿ ಹೊರಬಂದು ನಮಸ್ಕರಿಸಿದರು. ನಾಯನಾರರು ಕೆರೆಯ ದಡದಲ್ಲಿ ನಿಂತು ಅವಿನಾಶಿಯಪ್ಪನನ್ನು ಹಾಡಿದರು. ಮೊಸಳೆ ದಡಕ್ಕೆ ಬಂದು, ಕಳೆದುಹೋದ ವರ್ಷಗಳ ಬೆಳವಣಿಗೆಯೂ ಸೇರಿದಂತೆ ಬಾಲಕನನ್ನು ಹಿಂದಿರುಗಿಸಿತು.

ಈ ಸುಂದರಮೂರ್ತಿಗಳನ್ನೇ ನಮ್ಮ ಹರಿಹರ ಕವಿ ನಂಬಿಯಣ್ಣನೆಂದು ಕರೆದು ರಗಳೆಯನ್ನು ಬರೆದನು. ತಮಿಳರ ನಾಯನಾರರು ಕನ್ನಡಿಗರಿಗೆ ಪುರಾತನರು. ದೇವರ ಮಕ್ಕಳಿಗೆ ಗಡಿಯಿಲ್ಲ. ಆದರೆ ಪುರಾಣದ ಮಾತು ಹಾಗಿರಲಿ. ಲೋಕದಲ್ಲಿ ಕಾಲವು ನುಂಗಿದ ತಂದೆಯನ್ನಾಗಲಿ ಮಗನನ್ನಾಗಲಿ ಯಾವ ಹಾಡು ಹಿಂದಕ್ಕೆ ತಂದುಕೊಡುತ್ತದೆ? ಈ ಪ್ರಶ್ನೆಯನ್ನು ಜೊತೆಯಲ್ಲಿ ಕಟ್ಟಿಕೊಂಡೇ ನಾವು ಉತ್ತರಕ್ಕೆ ಹೊರಟೆವು.

ಅವಿನಾಶಿಯಿಂದ ಪುಳಿಯಂಪಟ್ಟಿಯ ಮೇಲೆ ಸತ್ಯಮಂಗಲ. ಭವಾನಿ ನದಿಯ ದಡದ ಈ ಪಟ್ಟಣ ಮೈಸೂರಿನ ಅರಸರ ಕಾಲದಲ್ಲಿ ಕೋಟೆಯ ಊರಾಗಿತ್ತು. ಮುಂದೆ ಬನ್ನಾರಿ ಮಾರಿಯಮ್ಮನ ಸನ್ನಿಧಿ. ಘಟ್ಟ ಹತ್ತುವ ವಾಹನಗಳು ಇಲ್ಲಿ ನಿಂತು, ತಾಯಿಗೆ ಕೈಮುಗಿದು, ಕರ್ಪೂರ ಹಚ್ಚಿಯೇ ಮುಂದುವರಿಯುತ್ತವೆ. ಅಲ್ಲಿಂದ ದಿಂಬಂ ಘಟ್ಟದ 27 ಹೇರ್‌ಪಿನ್ ತಿರುವುಗಳು. ಒಂದೊಂದು ತಿರುವಿಗೂ ಕೆಳಗಿನ ಬಯಲು ಇನ್ನಷ್ಟು ಕೆಳಕ್ಕೆ ಜಾರುತ್ತದೆ, ಗಾಳಿ ಇನ್ನಷ್ಟು ತಣ್ಣಗಾಗುತ್ತದೆ. 2013ರಲ್ಲಿ ಈ ಅರಣ್ಯವು ಹುಲಿ ಸಂರಕ್ಷಿತ ಪ್ರದೇಶವಾಯಿತು. 2022ರಿಂದ ರಾತ್ರಿಯ ವಾಹನ ಸಂಚಾರಕ್ಕೂ ನಿರ್ಬಂಧ ಬಂದಿದೆ. ಆದುದರಿಂದ ಹೋಗಬಯಸುವ ಓದುಗರು ಹಗಲಿನಲ್ಲಿಯೇ ಘಟ್ಟ ಹತ್ತಿ ಹಗಲಿನಲ್ಲಿಯೇ ಇಳಿಯುವುದು ಒಳಿತು. ಘಟ್ಟದ ನೆತ್ತಿ ದಾಟಿದರೆ ಆಸನೂರು. ಗಡಿಯ ಕಾಡಿನ ಬಳಿ ಎಡಕ್ಕೆ ತಿರುಗಿದ ದಾರಿ ತಾಳವಾಡಿಗೆ ಹೋಗುತ್ತದೆ.

ತಾಳವಾಡಿಯನ್ನು ಮುಟ್ಟಿದವನಿಗೆ ಗಡಿಯನ್ನು ದಾಟದೆಯೇ ನಾಡು ಬದಲಾದಂತೆ ಭಾಸವಾಗುತ್ತದೆ. ಸರಕಾರದ ಫಲಕಗಳು ತಮಿಳಿನಲ್ಲಿವೆ. ಸಂತೆಯ ಮಾತು, ಚೌಕಾಸಿ, ಬೈಗುಳ, ಮುದ್ದು ಎಲ್ಲವೂ ಕನ್ನಡದಲ್ಲಿವೆ. ಹೊಲಗಳಲ್ಲಿ ರಾಗಿ, ಮೆಕ್ಕೆಜೋಳ, ಅರಿಶಿನ, ಬಾಳೆ. ಸುತ್ತಲೂ ಕಾಡು, ಆನೆಗಳ ಭಯದಿಂದ ರಾತ್ರಿ ಕಾವಲು. ಇಲ್ಲಿಂದ ಈರೋಡು ಪಟ್ಟಣಕ್ಕೆ ಹೋಗಬೇಕಾದರೆ ಘಟ್ಟವನ್ನು ಇಳಿಯಬೇಕು, ಚಾಮರಾಜನಗರಕ್ಕಾದರೋ ಸಮತಟ್ಟಿನ ಹತ್ತಿರದ ದಾರಿ. ಈ ಸೀಮೆಯಲ್ಲಿಯೇ ದೊಡ್ಡ ಗಾಜನೂರು ಇದೆ. 1929ರ ಏಪ್ರಿಲ್ 24ರಂದು ಲಕ್ಷ್ಮಮ್ಮ ಮತ್ತು ಪುಟ್ಟಸ್ವಾಮಯ್ಯ ದಂಪತಿಗಳಿಗೆ ಇಲ್ಲಿ ಹುಟ್ಟಿದ ಗಂಡುಮಗುವಿಗೆ ಮುತ್ತತ್ತಿಯ ಆಂಜನೇಯನ ಹೆಸರನ್ನು ಇಟ್ಟು ಮುತ್ತುರಾಜನೆಂದು ಕರೆದರು. ಅಂದು ಈ ಗಾಜನೂರೂ ತಂದೆಯ ಸಿಂಗಾನಲ್ಲೂರೂ ಕೊಯಮತ್ತೂರು ಕಲೆಕ್ಟರರ ಅಧಿಕಾರಕ್ಕೆ ಒಳಪಟ್ಟ ಊರುಗಳು. ಮಗು ಬೆಳೆದು 27 ವರ್ಷದವನಾಗುವಷ್ಟರಲ್ಲಿ ಹುಟ್ಟಿದ ಊರು ಒಂದು ರಾಜ್ಯಕ್ಕೂ ತಂದೆಯ ಊರು ಇನ್ನೊಂದು ರಾಜ್ಯಕ್ಕೂ ಸೇರಿಹೋದವು.

ತಂದೆ ಪುಟ್ಟಸ್ವಾಮಯ್ಯನವರು ವೃತ್ತಿರಂಗಭೂಮಿಯ ನಟರು. ರಾವಣ, ಕಂಸ, ಹಿರಣ್ಯಕಶಿಪು ಮುಂತಾದ ರೌದ್ರಪಾತ್ರಗಳಿಗೆ ಹೆಸರಾದವರು. ಆ ಕಾಲದ ನಾಟಕದವರ ಸಂಸಾರವೆಂದರೆ ಹೇಗಿರುತ್ತಿತ್ತೆಂಬುದನ್ನು ನಮ್ಮ ಹಿರಿಯರು ಬಲ್ಲರು. ಕಂಪೆನಿ ಒಂದು ಊರಿನಲ್ಲಿ ಕೆಲವು ತಿಂಗಳು ಡೇರೆ ಹಾಕುವುದು, ಗಲ್ಲಾಪೆಟ್ಟಿಗೆ ಬರಿದಾದಾಗ ಪರದೆಗಳನ್ನು ಸುತ್ತಿಕೊಂಡು ಮುಂದಿನ ಊರಿಗೆ ಹೋಗುವುದು. ಮಳೆಗಾಲದಲ್ಲಿ ಸಂಬಳವಿಲ್ಲ, ಜಾತ್ರೆಯಲ್ಲಿ ನಿದ್ರೆಯಿಲ್ಲ. ರಾತ್ರಿ ಕಿರೀಟ ತೊಟ್ಟ ಚಕ್ರವರ್ತಿಗೆ ಬೆಳಗ್ಗೆ ಕಾಫಿಯ ಕಾಸಿಗೂ ಚಿಂತೆ. ನಟನ ಮನೆಯಲ್ಲಿ ತಂದೆ ಎಂಬುವನು ಹೆಸರಿನಲ್ಲಿ ಇರುತ್ತಿದ್ದನು, ಜಗುಲಿಯ ಮೇಲೆ ಇರುತ್ತಿರಲಿಲ್ಲ.

ಮುತ್ತುರಾಜನು ಈ ತಂದೆಯನ್ನು ಪಡೆದ ಬಗೆಯೇ ವಿಶೇಷವಾದುದು. ತಂದೆ ಮನೆಗೆ ಬರುವುದನ್ನು ಕಾಯುವ ಬದಲು ಮಗನು ತಂದೆಯಿದ್ದಲ್ಲಿಗೆ ಹೋದನು. ಶಾಲೆ ಪ್ರಾಥಮಿಕ ತರಗತಿಗಳಲ್ಲಿಯೇ ನಿಂತಿತು. ಎಳೆಯ ವಯಸ್ಸಿನಲ್ಲಿಯೇ ಗುಬ್ಬಿ ವೀರಣ್ಣನವರ ಕಂಪೆನಿಯಲ್ಲಿ ಬಾಲಪಾತ್ರಗಳು ಬಂದವು. 1884ರಲ್ಲಿ ಸ್ಥಾಪನೆಯಾಗಿದ್ದ ಈ ಕಂಪೆನಿಯು ಅಂದಿನ ಕನ್ನಡ ಕಲಾವಿದರ ಮಹಾವಿದ್ಯಾಲಯವೇ ಸರಿ. ಮುಂದೆ ಸುಬ್ಬಯ್ಯನಾಯ್ಡು ಅವರ ಮಂಡಲಿಯಲ್ಲಿಯೂ ಕೆಲಸವಾಯಿತು. ಧ್ವನಿವರ್ಧಕಗಳು ಅಪರೂಪವಾಗಿದ್ದ ಆ ರಂಗದಲ್ಲಿ ನಟನಾದವನು ತನ್ನ ಹಾಡನ್ನು ತಾನೇ ಹಾಡಬೇಕು. ಕಾಲು ಹಾರ್ಮೋನಿಯಂನ ಶ್ರುತಿಗೆ ಕಂಠ ಕೂಡಿಸಿ, ಡೇರೆಯ ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕುಳಿತ ರೈತನಿಗೂ ಮಾತು ಮುಟ್ಟಿಸಬೇಕು. ತಂದೆಯೇ ಗುರು, ರಂಗವೇ ಮನೆ. ದೂರವಿದ್ದ ತಂದೆಯನ್ನು ಹತ್ತಿರ ಮಾಡಿಕೊಟ್ಟದ್ದು ಬಡತನವೇ ಎಂದರೂ ತಪ್ಪಾಗಲಾರದು.

ಆದರೆ ಈ ಸಾಮೀಪ್ಯವು ಬಹುಕಾಲ ಉಳಿಯಲಿಲ್ಲ. ಪುಟ್ಟಸ್ವಾಮಯ್ಯನವರು ತೀರಿಕೊಂಡರು. ಮಕ್ಕಳ ತಲೆಯ ಮೇಲೆ ಸಂಸಾರದ ಭಾರ ಬಿತ್ತು. ಎಚ್.ಎಲ್.ಎನ್. ಸಿಂಹ ಅವರು ತಮ್ಮ ಚಿತ್ರಕ್ಕೆ ನಾಯಕನನ್ನು ಹುಡುಕುತ್ತಾ ಈ ಕಂಪೆನಿ ನಟನನ್ನು ಆರಿಸಿ, ಮುತ್ತುರಾಜ ಎಂಬ ಹೆಸರನ್ನು ರಾಜ್‌ಕುಮಾರ್ ಎಂದು ಬದಲಿಸಿದರು. 1954ರಲ್ಲಿ 'ಬೇಡರ ಕಣ್ಣಪ್ಪ' ತೆರೆಗೆ ಬಂದಿತು. ಆ ಕಣ್ಣಪ್ಪನೂ ಅವಿನಾಶಿಯ ಹಾಡುಗಾರನಂತೆಯೇ ತಮಿಳರ 63 ನಾಯನಾರರಲ್ಲಿ ಒಬ್ಬ, ಹರಿಹರನ ರಗಳೆಯ ನಾಯಕರಲ್ಲಿ ಒಬ್ಬ. ಗಡಿಯ ಊರಿನಲ್ಲಿ ಹುಟ್ಟಿದವನಿಗೆ ಎರಡೂ ನಾಡಿನವರು ಪೂಜಿಸುವ ಭಕ್ತನ ಪಾತ್ರವೇ ಮೊದಲ ನಾಯಕಪಾತ್ರವಾಗಿ ಒದಗಿದ್ದು ಸುಯೋಗ. ಆದರೆ ಆ ಸುಯೋಗವನ್ನು ಕಾಣಲು ತಂದೆ ಇರಲಿಲ್ಲ. ತಂದೆ ಇಟ್ಟ ಹೆಸರೂ ಪರದೆಯ ಮೇಲೆ ಇರಲಿಲ್ಲ.

ಒಂದು ಚಿತ್ರ ಗೆದ್ದೊಡನೆ ಕಷ್ಟ ತೀರಲಿಲ್ಲವೆಂಬುದನ್ನೂ ಹೇಳಬೇಕು. ಅಂದಿನ ಕನ್ನಡ ಚಿತ್ರರಂಗ ಮದರಾಸಿನ ಸ್ಟುಡಿಯೋಗಳ ಮೂಲೆಯಲ್ಲಿ ಬಾಡಿಗೆಗಿದ್ದ ಸಂಸಾರದಂತೆ ಇತ್ತು. ಚಿತ್ರಗಳು ವಿರಳವಾದಾಗ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಮುಂತಾದವರು ಸಂಘ ಕಟ್ಟಿಕೊಂಡು ಊರೂರಿಗೆ ಹೋಗಿ ನಾಟಕಗಳನ್ನು ಆಡಿದರು. 1960ರಲ್ಲಿ 'ರಣಧೀರ ಕಂಠೀರವ' ಚಿತ್ರವನ್ನು ತೆಗೆದರು. ಅಂದರೆ ಸಿನಿಮಾದ ನಾಯಕನಾದ ಮೇಲೂ ಮಗನಿಗೆ ಅನ್ನವಿಟ್ಟದ್ದು ತಂದೆಯ ಕಸುಬೇ.

ಇನ್ನೊಂದು ವಿಚಿತ್ರ ಸಂಗತಿಯಿದೆ. ರಂಗದಲ್ಲಿ ತಾನೇ ಹಾಡುತ್ತಿದ್ದ ನಟನು ಚಿತ್ರರಂಗಕ್ಕೆ ಬಂದಾಗ ತನ್ನ ಕಂಠವನ್ನು ಹೊರಗೆ ಬಿಟ್ಟು ಬರಬೇಕಾಯಿತು. ಆರಂಭದ ವರ್ಷಗಳಲ್ಲಿ ಎಲ್ಲೋ ಒಂದೆರಡು ಬಾರಿ ಹಾಡಿದ್ದನ್ನು ಬಿಟ್ಟರೆ ಸುಮಾರು ಎರಡು ದಶಕಗಳ ಕಾಲ ಅವರಿಗಾಗಿ ಹಾಡಿದವರು ಬೇರೆಯವರು, ಮುಖ್ಯವಾಗಿ ಪಿ.ಬಿ. ಶ್ರೀನಿವಾಸರು. ಆ ಮಧುರ ಕಂಠಕ್ಕೆ ಕನ್ನಡಿಗರು ಋಣಿಗಳು. ಆದರೂ ಹಾಡುಗಾರನ ಎದೆಯಲ್ಲಿ ತನ್ನದೇ ಹಾಡು ಮೌನವಾಗಿ ಕುಳಿತಿತ್ತು. 1974ರಲ್ಲಿ 'ಸಂಪತ್ತಿಗೆ ಸವಾಲ್' ಚಿತ್ರಕ್ಕಾಗಿ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರು ರಾಜ್‌ಕುಮಾರ್ ಅವರಿಂದಲೇ ಒಂದು ಹಾಡನ್ನು ಹಾಡಿಸಿದರು. ಎಮ್ಮೆಯ ಮೇಲೆ ಕುಳಿತು ಹಾಡುವ ಆ ಹಾಡು ಹಳ್ಳಿಹಳ್ಳಿಯಲ್ಲೂ ಕೇಳಿಸಿತು. ಆ ಚಿತ್ರವು ಪಿ.ಬಿ. ಧುತ್ತರಗಿಯವರ ಕಂಪೆನಿ ನಾಟಕದಿಂದ ಬಂದದ್ದೆಂಬುದನ್ನು ಓದುಗರು ಗಮನಿಸಬೇಕು. ತಂದೆಯ ಲೋಕವಾದ ವೃತ್ತಿರಂಗಭೂಮಿಯ ಬಾಗಿಲಿನಿಂದಲೇ ಮಗನ ಕಂಠವು ಹಿಂದಿರುಗಿತು! ಆ ಬಳಿಕ ತಮ್ಮ ಹಾಡುಗಳನ್ನು ಹೆಚ್ಚಾಗಿ ಅವರೇ ಹಾಡಿದರು. 1992ರ 'ಜೀವನ ಚೈತ್ರ' ಚಿತ್ರದ ಹಾಡಿಗೆ ಹಿನ್ನೆಲೆ ಗಾಯನದ ರಾಷ್ಟ್ರಪ್ರಶಸ್ತಿಯೂ ಬಂದಿತು. ಸಂಗೀತದ ಶಾಲೆಯನ್ನಲ್ಲ, ಡೇರೆಯನ್ನು ನೆಚ್ಚಿ ಬೆಳೆದ ಕಂಠಕ್ಕೆ ಸಂದ ಗೌರವವದು.

ಪಾತ್ರಗಳನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ತಂದೆಯು ರಂಗದ ಮೇಲೆ ರಾವಣನಾಗಿದ್ದರು. ಮಗನು 1958ರ 'ಭೂಕೈಲಾಸ'ದಲ್ಲಿ ರಾವಣನಾದನು. ತಂದೆಯು ಹಿರಣ್ಯಕಶಿಪುವಾಗಿದ್ದರು, ಮಗನು 1983ರ 'ಭಕ್ತ ಪ್ರಹ್ಲಾದ'ದಲ್ಲಿ ಹಿರಣ್ಯಕಶಿಪುವಾದನು. ಆ ಚಿತ್ರದಲ್ಲಿ ಪ್ರಹ್ಲಾದನಾಗಿ ಎದುರು ನಿಂತವನು ಅವರದೇ ಕಿರಿಯ ಮಗ, ಅಂದಿನ ಮಾಸ್ಟರ್ ಲೋಹಿತ್, ಮುಂದೆ ಪುನೀತ್ ಎಂದು ನಾಡಿಗೆಲ್ಲ ಪ್ರಿಯನಾಗಿ 2021ರಲ್ಲಿ ಅಕಾಲದಲ್ಲಿ ಅಗಲಿದ ಕುಡಿ. ತಂದೆಯ ಪಾತ್ರವನ್ನು ಧರಿಸಿ ಮಗನನ್ನು ಎದುರಿಸುವಾಗ ಮೂರು ತಲೆಮಾರುಗಳು ಒಂದೇ ಚೌಕಟ್ಟಿನೊಳಗೆ ಬಂದಿದ್ದವೆಂದು ನಮಗೆ ತೋರುತ್ತದೆ.

ಇವೆರಡರ ನಡುವೆ, 1977ರಲ್ಲಿ, ಹುಣಸೂರು ಕೃಷ್ಣಮೂರ್ತಿಯವರ 'ಬಭ್ರುವಾಹನ' ಬಂದಿತು. ಅರ್ಜುನನು ಮಣಿಪುರದಲ್ಲಿ ಚಿತ್ರಾಂಗದೆಯನ್ನು ಬಿಟ್ಟು ಹೋದ ಮೇಲೆ ತಂದೆಯನ್ನೇ ಕಾಣದೆ ಬೆಳೆದ ಮಗನ ಕಥೆ. ಅಶ್ವಮೇಧದ ಕುದುರೆಯ ಹಿಂದೆ ಬಂದ ಅಪ್ಪನು ಗೌರವದಿಂದ ಎದುರುಗೊಂಡ ಮಗನನ್ನು ಹೀಯಾಳಿಸುತ್ತಾನೆ. ಮಗನು ಬಿಲ್ಲು ಹಿಡಿಯುತ್ತಾನೆ. ಈ ಚಿತ್ರದಲ್ಲಿ ತಂದೆಯೂ ರಾಜ್‌ಕುಮಾರ್, ಮಗನೂ ರಾಜ್‌ಕುಮಾರ್. ಇಬ್ಬರೂ ಕೆಣಕಾಡುವ ಹಾಡಿನಲ್ಲಿ ಒಂದು ಕಂಠ ಅವರದು, ಇನ್ನೊಂದು ಪಿ.ಬಿ. ಶ್ರೀನಿವಾಸರದು. ನಮ್ಮ ಮನೆಗಳಲ್ಲಿ ಇಂದಿಗೂ ಈ ಹಾಡು ಕೇಳಿದೊಡನೆ ಮುದುಕರೂ ಮಕ್ಕಳೂ ಒಟ್ಟಿಗೆ ಕಿವಿಗೊಡುತ್ತಾರೆ. ದೂರ ಹೋದ ತಂದೆಯ ಮೇಲಿನ ಸಿಟ್ಟು, ಅದರ ಅಡಿಯಲ್ಲಿರುವ ಹಂಬಲ, ಇವೆರಡನ್ನೂ ಬಲ್ಲ ಮನೆಗಳು ಗಡಿಯಲ್ಲಿ ಕಡಿಮೆಯಿಲ್ಲ. ಗಿರಣಿಗೆ, ಮಗ್ಗಕ್ಕೆ, ಲಾರಿಯ ಚಾಕರಿಗೆ ಹೋದ ಗಂಡಸರು ವರ್ಷಕ್ಕೊಮ್ಮೆ ಹಬ್ಬಕ್ಕೆ ಬರುವುದನ್ನು ಕಾದು ಬೆಳೆದವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ!

ಕೀರ್ತಿ ಬಂದ ಮೇಲೂ ರಾಜ್‌ಕುಮಾರ್ ಗಾಜನೂರನ್ನು ಬಿಡಲಿಲ್ಲ. ಬಿಡುವಾದಾಗಲೆಲ್ಲ ಈ ಊರಿಗೆ ಬಂದು ಹಳೆಯ ನಂಟರ ನಡುವೆ ಇರುತ್ತಿದ್ದರು. 2000ದ ಜುಲೈ 30ರ ರಾತ್ರಿ ಅವರನ್ನು ವೀರಪ್ಪನ್ ಅಪಹರಿಸಿದ್ದೂ ಇಲ್ಲಿಯ ಮನೆಯಿಂದಲೇ. 108 ದಿನಗಳ ತರುವಾಯ ನವೆಂಬರ್ 15ರಂದು ಬಿಡುಗಡೆಯಾಯಿತು. ಆ ದಿನಗಳಲ್ಲಿ ಬೆಂಗಳೂರಿನ ತಮಿಳು ಮನೆಗಳೂ ಕೊಯಮತ್ತೂರಿನ ಕನ್ನಡ ಮನೆಗಳೂ ಒಂದೇ ಬಗೆಯ ಆತಂಕದಲ್ಲಿ ರೇಡಿಯೋ ದೂರದರ್ಶನಗಳ ಮುಂದೆ ಕುಳಿತಿದ್ದವು. ಗಡಿಯೆಂಬುದು ನಕ್ಷೆಯ ಮೇಲಿನ ಗೆರೆಯಾಗಿರುವವರೆಗೆ ಅದರ ಭಾರ ತಿಳಿಯದು. ಅದು ಒಬ್ಬ ಮನುಷ್ಯನ ಮೇಲೆ ಬಂದು ಬಿದ್ದಾಗ ತಿಳಿಯುತ್ತದೆ. 2006ರ ಏಪ್ರಿಲ್ 12ರಂದು ಅವರು ಬೆಂಗಳೂರಿನಲ್ಲಿ ಕಾಲವಾದರು. ಸಮಾಧಿ ಕಂಠೀರವ ಸ್ಟುಡಿಯೋದಲ್ಲಿದೆ. ಹುಟ್ಟಿದ ಊರು ಈರೋಡು ಜಿಲ್ಲೆಯಲ್ಲಿದೆ. ತಂದೆಯ ಊರು ಚಾಮರಾಜನಗರ ಜಿಲ್ಲೆಯಲ್ಲಿದೆ.

ಗಾಜನೂರಿನಿಂದ ಚಾಮರಾಜನಗರದ ಮೇಲೆ ಕೊಳ್ಳೇಗಾಲಕ್ಕೆ ಹೋಗುವ ದಾರಿಯಲ್ಲಿ ನಾವು ಅವಿನಾಶಿಯ ಪ್ರಶ್ನೆಗೆ ಉತ್ತರವನ್ನು ಯೋಚಿಸುತ್ತಿದ್ದೆವು. ನಾಯನಾರರ ಹಾಡು ಮೊಸಳೆಯ ಬಾಯಿಂದ ಮಗನನ್ನು ತಂದಿತು. ನಮ್ಮ ಕಾಲದ ಹಾಡುಗಾರನಿಗೆ ಆ ಸಿದ್ಧಿ ಇರಲಿಲ್ಲ, ಸತ್ತ ತಂದೆ ಹಿಂದಿರುಗಲಿಲ್ಲ. ಆದರೆ ಮಗನು ತಂದೆಯ ಕಸುಬನ್ನು ಕೈಗೆತ್ತಿಕೊಂಡನು, ತಂದೆಯ ಪಾತ್ರಗಳ ಬಣ್ಣವನ್ನು ಮುಖಕ್ಕೆ ಹಚ್ಚಿಕೊಂಡನು, ತಂದೆ ತಿದ್ದಿದ ಕಂಠವನ್ನು ನಡುವಯಸ್ಸಿನಲ್ಲಿ ಪುನಃ ಪಡೆದನು. ತಂದೆಯನ್ನು ಕಾಣುವುದಕ್ಕೆ ಇದೊಂದೇ ದಾರಿ ಉಳಿದಿರುವವರು ಲೋಕದಲ್ಲಿ ಬಹಳ ಮಂದಿ.

ಕೊನೆಗೊಂದು ಮಾತು. ಪರದೆಯ ಮೇಲಿನ ಹೆಸರು ಬದಲಾಯಿತೆಂದೆವಷ್ಟೆ. ಆದರೆ ಮನೆಯ ಹೆಸರು ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮುತ್ತುರಾಜು ಎಂದೇ ಉಳಿಯಿತು. ಮೊದಲನೆಯದು ತಂದೆಯ ಊರು, ಎರಡನೆಯದು ತಂದೆ, ಮೂರನೆಯದು ತಾನು. ಕೊಯಮತ್ತೂರು ತಿರುಪ್ಪೂರುಗಳ ನಮ್ಮ ಮಕ್ಕಳ ಹೆಸರಿನ ಮುಂದೆಯೂ ಒಂದು ಎರಡು ಅಕ್ಷರಗಳಿರುತ್ತವೆ. ಶಾಲೆಯ ದಾಖಲೆಯಲ್ಲಿ ಅವು ಬರಿಯ ಚುಕ್ಕಿಯಿಟ್ಟ ಅಕ್ಷರಗಳು. ಆ ಅಕ್ಷರಗಳನ್ನು ಬಿಡಿಸಿ ಪೂರ್ತಿಯಾಗಿ ಕನ್ನಡದಲ್ಲಿ ಬರೆಯಲು ಮಕ್ಕಳಿಗೆ ಒಮ್ಮೆ ಹೇಳಿಕೊಡಬೇಕು. ತಾತ ಯಾವ ಊರಿನವರು, ಯಾವ ಕಸುಬಿನವರು, ಯಾವ ಹಾಡನ್ನು ಹಾಡುತ್ತಿದ್ದರು ಎಂದು ಮಕ್ಕಳು ಕೇಳಿದರೆ ಉತ್ತರ ಹೇಳುವುದಕ್ಕೆ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.